ಹುಣಸೆ ಮಂಡಿಯಲ್ಲಿ ನಿಂತ ಕಾರು

ನಮ್ಮ ಮನೆ ಚಿಕ್ಕದು, ಅದರ ಬಾಗಿಲು ದೊಡ್ಡದು. ಬಂಗಾರಪೇಟೆಯ ರೈಲ್ವೆ ಗೂಡ್ಸ್ ಶೆಡ್ಡಿನ ಹಿಂದಿನ ಬೀದಿಯಲ್ಲಿ, ಒಂದು ಕಾಲಕ್ಕೆ ಹುಣಸೆಹಣ್ಣಿನ ಮಂಡಿಯಾಗಿದ್ದ ಕಟ್ಟಡವನ್ನು ಅದರ ಮಾಲೀಕರು ವ್ಯಾಪಾರ ಬಿಟ್ಟ ಮೇಲೆ ನಮಗೆ ಬಾಡಿಗೆಗೆ ಕೊಟ್ಟಿದ್ದರು. ಎತ್ತಿನ ಗಾಡಿಯು ಮೂಟೆಗಳ ಸಮೇತ ಒಳಗೆ ಬರಲೆಂದು ಇರಿಸಿದ್ದ ಎರಡು ಕದದ ಬಾಗಿಲು ಅದು. ತೆರೆಯಬೇಕಾದರೆ ಅಮ್ಮ ಭುಜ ಕೊಟ್ಟು ನೂಕಬೇಕಾಗಿತ್ತು. ಒಳಗೆ ಕಾಲಿಟ್ಟರೆ ಮೊದಲು ಸಿಗುತ್ತಿದ್ದುದು ಮಂಡಿ. ಕಲ್ಲುಚಪ್ಪಡಿ ಹಾಸಿದ, ಕಿಟಕಿಯಿಲ್ಲದ, ಮಾಡಿನ ನಡುವೆ ಕೂರಿಸಿದ್ದ ಎರಡು ಗಾಜಿನ ಹೆಂಚುಗಳಿಂದಷ್ಟೇ ಬೆಳಕು ಬೀಳುತ್ತಿದ್ದ ಉದ್ದನೆಯ ಜಾಗ. ಅದರ ಹಿಂದೆ ಅಪ್ಪ, ಅಮ್ಮ, ಅಜ್ಜಿ ಮತ್ತು ನಾನು ಮಲಗುತ್ತಿದ್ದ ಒಂದೇ ಕೋಣೆ. ಅದರಾಚೆ ಅಡುಗೆಮನೆ, ಬಚ್ಚಲು. ಹುಣಸೆಹಣ್ಣು ಹೋಗಿ ಎಷ್ಟೋ ಕಾಲವಾಗಿದ್ದರೂ ಅದರ ಹುಳಿ ಗೋಡೆಯ ಗಾರೆಯೊಳಗೆ ಉಳಿದಿತ್ತು. ಮಳೆ ಬಂದ ದಿನ ಅದು ಮೆಲ್ಲಗೆ ಹೊರಬರುತ್ತಿತ್ತು. ಊರಿನಿಂದ ಬಂದ ನೆಂಟರು, "ನಿಮ್ಮನೇಲಿ ನೀರು ಕುಡುದ್ರೂ ಸಾರು ಕುಡುದಂಗಾಯ್ತದೆ" ಎಂದು ನಗುತ್ತಿದ್ದರು.

ಅಪ್ಪ ಕೆ.ಜಿ.ಎಫ್.ನಲ್ಲಿ ಭಾರೀ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಬೆಳಿಗ್ಗೆ ಮಾರಿಕುಪ್ಪಂ ರೈಲುಗಾಡಿಯಲ್ಲಿ ಹೋಗಿ ಸಂಜೆ ಅದೇ ಗಾಡಿಯಲ್ಲಿ ಮರಳುತ್ತಿದ್ದರು. ನಮ್ಮ ಮನೆಯಲ್ಲಿ ತಿಂಗಳ ಸಂಬಳ ಕಂಡವರಲ್ಲಿ ಅಪ್ಪ ಮೊದಲಿಗರು. ಪದವಿ ಕಂಡವರಲ್ಲಿ ನಾನು ಮೊದಲಿಗಳು. ಇದನ್ನು ಹೆಮ್ಮೆಗಾಗಿ ಬರೆಯುತ್ತಿಲ್ಲ. ಈ ಬರಹದಲ್ಲಿ ಏನಾದರೂ ತಪ್ಪಿದ್ದರೆ ಓದುಗರು ಈ ಮಾತನ್ನು ನೆನೆದು ಮನ್ನಿಸಲಿ ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ. ಒಂದು ವಾಕ್ಯವನ್ನು ಬರೆದು, ಮೂರು ಬಾರಿ ಓದಿ, ಸರಿಯೆಂದು ಮನವರಿಕೆಯಾಗದೆ ಮುಂದಿನದಕ್ಕೆ ಹೋಗಲಾರದ ಸ್ವಭಾವ ನನ್ನದು. ಆ ಸ್ವಭಾವ ನನಗೆ ಶಾಲೆಯಿಂದ ಬಂದದ್ದಲ್ಲ. ಅದು ಬಂದದ್ದು ಆ ಮಂಡಿಯಲ್ಲಿ ನಿಂತಿದ್ದ ಒಂದು ಕಾರಿನಿಂದ.

ಕಾರು ಬಂದಾಗ ನಾನು ಎಂಟನೆಯ ತರಗತಿಯಲ್ಲಿದ್ದೆ. ಅದನ್ನು ಹಗ್ಗ ಕಟ್ಟಿ ಟ್ರಾಕ್ಟರಿನ ಹಿಂದೆ ಎಳೆದು ತಂದವರು ಸಾಲೊಮನ್ ಮಾಮ. ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಯೊಂದರಲ್ಲಿ ಒಬ್ಬರೇ ಇದ್ದ ಅವರು ಗಣಿಯ ದೊಡ್ಡ ಅಧಿಕಾರಿಯೊಬ್ಬರಿಗೆ ಡ್ರೈವರ್ ಆಗಿದ್ದವರು. ರೈಲಿನಲ್ಲಿ ಆದ ಪರಿಚಯದಿಂದ ಅಪ್ಪನ ಆಪ್ತ ಗೆಳೆಯರಾಗಿದ್ದವರು. ಗಣಿ ಮುಚ್ಚಿ ಊರು ಬಿಡುವಾಗ ಆ ಅಧಿಕಾರಿ, ಯಾರಿಗೂ ಬೇಡವಾಗಿದ್ದ ತನ್ನ ಅಮೆರಿಕದ ಕಾರನ್ನು ಡ್ರೈವರಿಗೇ ಬಿಟ್ಟು ಹೋಗಿದ್ದರು. ಎರಡೇ ಬಾಗಿಲು, ಕಡು ಹಸಿರು ಬಣ್ಣ, ಎಂಟು ಸಿಲಿಂಡರುಗಳ ಎಂಜಿನ್. ಮೂಗು ಒಂದು ಮಂಚದಷ್ಟು ಉದ್ದ. ವರ್ಷಗಟ್ಟಲೆ ಟಾರ್ಪಾಲಿನ ಅಡಿ ನಿಂತು ಅದರ ಟೈರುಗಳು ಮಣ್ಣಿಗೆ ಅಂಟಿಕೊಂಡಿದ್ದವು. ಅಜ್ಜಿ ಅದನ್ನು ಮೊದಲ ಸಲ ನೋಡಿ ಕೇಳಿದ್ದು ಒಂದೇ ಪ್ರಶ್ನೆ.

"ಇದು ಎಷ್ಟು ಎಣ್ಣೆ ಕುಡೀತದೆ ಸಾಲೊಮನ್ನು?"

"ಲೀಟರಿಗೆ ಮೂರು ಕಿಲೋಮೀಟರ್ ಓಗುತ್ತೆ ಪಾಟಿ. ನಾಲ್ಕು ಅಂದ್ರೆ ಅದು ಪೊಯ್ಯಿ, ಸುಳ್ಳು."

"ಅಯ್ಯೋ ದೇವುಡಾ, ಇದು ಕಾರಲ್ಲ ಕಣ್ಲಾ, ಎಮ್ಮೆ. ಕರೆಯೋ ಎಮ್ಮೆ ಆದ್ರೂ ಆಗ್ಬಾರ್ದಾಗಿತ್ತಾ!"

ಅಂದಿನಿಂದ ಅದು ಎಮ್ಮೆಯೇ ಆಯಿತು. ಸಾಲೊಮನ್ ಮಾಮ ಕಾರಿನ ಜೊತೆ ಎರಡು ವಸ್ತುಗಳನ್ನು ತಂದಿದ್ದರು. ಒಂದು, ಡಿಕ್ಕಿಯಲ್ಲಿದ್ದ, ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ರಿಪೇರಿ ಪುಸ್ತಕ. ಇನ್ನೊಂದು, ಹಳೆಯ ಕಾರುಗಳ ಸಂಘವೊಂದು ಬೆಂಗಳೂರಿನಾಚೆಯ ಹಳೆಯ ವಿಮಾನ ರನ್‌ವೇಯಲ್ಲಿ ನಡೆಸುವ ಪಂದ್ಯದ ನಿಯಮಗಳ ಹಾಳೆ, ಅದೂ ಇಂಗ್ಲಿಷಿನಲ್ಲಿ. ಅಪ್ಪ ಅದನ್ನು ನನ್ನ ಕೈಗೆ ಕೊಟ್ಟು ಓದಲು ಹೇಳಿದರು. ನಾನು ನಿಘಂಟು ತೆರೆದಿಟ್ಟುಕೊಂಡು ಒಂದೊಂದೇ ಸಾಲನ್ನು ಕನ್ನಡಕ್ಕೆ ತಂದೆ. ಕಾಲು ಮೈಲಿಯ ನೇರ ದಾರಿ. ಎರಡೆರಡು ಕಾರುಗಳು ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ದೀಪ ಹಸಿರಾದೊಡನೆ ಹೊರಡುತ್ತವೆ. ಅದರಲ್ಲಿ ಒಂದು ವಿಭಾಗಕ್ಕೆ ಮಾತ್ರ ವಿಚಿತ್ರವಾದ ಕಟ್ಟಳೆಯಿತ್ತು. ಕಾರು ನೋಡುವ ಕಣ್ಣಿಗೆ ಕಾರ್ಖಾನೆಯಿಂದ ಅಂದು ಹೊರಬಂದಂತೆಯೇ ಇರಬೇಕು. ಟೈರು ಆ ಕಾಲದ ಅಗಲದ್ದೇ, ಹೊಗೆ ಕೊಳವೆ ಆ ಕಾಲದ ಆಕಾರದ್ದೇ, ಬೋಲ್ಟಿನ ತಲೆಯ ಬಣ್ಣವೂ ಆ ಕಾಲದ್ದೇ. ಹೊಳಪು ಕೊಡುವಂತಿಲ್ಲ. ಆದರೆ ಕಣ್ಣಿಗೆ ಕಾಣದ ಕಡೆ, ಎಂಜಿನ್ನಿನ ಒಳಗೆ, ಏನು ಬೇಕಾದರೂ ಮಾಡಿಕೊಳ್ಳಬಹುದು. ಮೊದಲು ತಪಾಸಣೆ; ಅದರಲ್ಲಿ ಒಪ್ಪಿಗೆಯಾದರೆ ಮಾತ್ರ ಓಟ.

ಅಪ್ಪ ಕೇಳಿಸಿಕೊಂಡು, "ಅಂಗಾದ್ರೆ ಮ್ಯಾಲೆ ಕಂಪ್ನಿ, ಒಳಗೆ ನಾವು" ಎಂದರು.

ಸಾಲೊಮನ್ ಮಾಮ ಕಾಫಿ ಲೋಟವನ್ನು ಕಾರಿನ ಮೂಗಿನ ಮೇಲಿಟ್ಟರು.

"ಗುಜರಿಯವನು ಮೂರು ದಪ ಬಂದು ಹೋದ ಪಾ ನಾರಾಯಣಪ್ಪಾ. ಕಟ್ ಮಾಡಿ ಎತ್ಕೊಂಡ್ ಹೋಗ್ತೀನಿ ಅಂತಾನೆ. ಇದು ಸತ್ತಿಲ್ಲ, ತೂಂಗುದು, ಮಲಗಿದೆ ಅಷ್ಟೇ. ಒಂದೇ ಒಂದು ದಪ ಆ ರೋಡಲ್ಲಿ ಓಡಿಸ್ತೀನಿ. ಪಂದ್ಯದವರು ಒಳಗೆ ಬಿಡಲಿಲ್ಲ ಅಂದ್ರೆ, ಅಲ್ಲಿಂದ ನೇರ ಗುಜರಿಗೇ. ನಾನೇ ಕೊಯ್ಯಕ್ಕೆ ಕೊಡ್ತೀನಿ. ಇನ್ನೊಂದು ಮಳೆಯಲ್ಲಿ ಇದು ನೆನೆಯೋದು ನನ್ನ ಕಣ್ಣಲ್ಲಿ ನೋಡಕ್ಕಾಗಲ್ಲ."

ಅವರು ಹುಡುಗಾಟಕ್ಕೆ ಮಾತಾಡುವವರಲ್ಲ. ಹಾಗೆ ಆ ಕಾರಿನ ತಲೆಯ ಮೇಲೆ ಒಂದು ತೀರ್ಪು ತೂಗುತ್ತಿದ್ದಂತೆಯೇ ಅದು ನಮ್ಮ ಮನೆಯ ಐದನೆಯ ಸದಸ್ಯನಾಯಿತು.

ಒಂದೂವರೆ ವರ್ಷ ನಾವು ಅದರ ಪಕ್ಕದಲ್ಲಿ ಬದುಕಿದೆವು. ಬಂದವರು ಗೋಡೆಗೂ ಕಾರಿಗೂ ನಡುವೆ ಅಡ್ಡಡ್ಡ ನಡೆದು ಒಳಗೆ ಬರಬೇಕಾಗಿತ್ತು. ಮುದ್ದೆಯ ತಟ್ಟೆ ಹಿಡಿದು ನಾನು ಅದರ ಹೊಸ್ತಿಲಿನಂತಹ ಬಾಗಿಲ ಅಂಚಿನ ಮೇಲೆ ಕೂತು ಉಣ್ಣುತ್ತಿದ್ದೆ. ಅಮ್ಮ ಅದರ ಮೂಗಿನ ಮೇಲೆ ಮೊರವಿಟ್ಟು ಸೊಪ್ಪು ಬಿಡಿಸುತ್ತಿದ್ದಳು, ಅಜ್ಜಿ ಅದರ ಹಿಂದಿನ ಸೀಟಿನಲ್ಲಿ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದಳು. ಸಂಜೆ ಅಪ್ಪ ಬಂದು ಕೈಕಾಲು ತೊಳೆದು ಕೆಲಸಕ್ಕೆ ಕೂತರೆ ನಾನು ಪುಸ್ತಕ ಹಿಡಿದು ಎದುರಿಗೆ ಕೂರಬೇಕು. ಅಪ್ಪನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಯಾವ ಬೋಲ್ಟನ್ನು ಮೊದಲು ಬಿಗಿಯಬೇಕು, ಎಷ್ಟು ಬಿಗಿಯಬೇಕು, ಎಷ್ಟು ಸುತ್ತಿನಲ್ಲಿ ಬಿಗಿಯಬೇಕು ಎಂಬುದೆಲ್ಲ ನನ್ನ ಬಾಯಿಂದಲೇ ಅವರಿಗೆ ತಲುಪಬೇಕಾಗಿತ್ತು. ಒಂದು ದಿನ ಅರ್ಥವಾಗದ ಒಂದು ಪದವನ್ನು ನಾನು ಊಹೆಯಿಂದ ದಾಟಿಸಿಬಿಟ್ಟೆ. ಅಪ್ಪ ಬೋಲ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟರು.

"ಅದು ಪುಸ್ತಕ್ದಾಗೆ ಐತಾ, ನೀನ್ ಅಂದಿದ್ದಾ?"

ನಾನು ತಲೆ ತಗ್ಗಿಸಿದೆ.

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನು ಪಾಪ. ನಾಳೆ ಯಾರ್ನಾದ್ರೂ ಕೇಳಾನ. ಬಾಯಿಗ್ ಬಂದಂಗ್ ಅನ್ಬೇಡ. ನೀನೊಂದ್ ಮಾತು ತಪ್ಪು ಅಂದ್ರೆ ನಾನೊಂದು ಎಂಜಿನ್ನು ತಪ್ಪು ಕಟ್ತೀನಿ."

ಅವರು ಗದರಿ ಹೇಳಲಿಲ್ಲ. ಆದರೂ ಅಂದಿನಿಂದ ನನ್ನ ನಾಲಿಗೆಗೆ ಒಂದು ಭಯ ಅಂಟಿಕೊಂಡಿತು. ಮರುದಿನ ನಾನು ಶಾಲೆಯ ವಿಜ್ಞಾನದ ಮೇಷ್ಟರನ್ನು ಕೇಳಿ ಆ ಪದದ ಅರ್ಥ ತಂದೆ. ಅಪ್ಪ ಅದಕ್ಕಾಗಿ ಕೆಲಸ ನಿಲ್ಲಿಸಿ ಕಾಯುತ್ತಿದ್ದರು.

ಮನೆಯಲ್ಲಿ ಜಗಳಗಳೂ ಆ ಕಾರಿನಿಂದಲೇ ಆಗುತ್ತಿದ್ದವು. ಎಂಜಿನ್ನಿನ ಹದಿನಾರು ವಾಲ್ವುಗಳನ್ನು ಬಿಚ್ಚಿದಾಗ ಯಾವುದು ಎಲ್ಲಿಯದೆಂದು ಬೆರೆಯಬಾರದಲ್ಲ. ಅಪ್ಪ ಅದಕ್ಕೆ ಅಮ್ಮನ ಇಡ್ಲಿ ತಟ್ಟೆಗಳನ್ನು ತೆಗೆದುಕೊಂಡಿದ್ದರು. ನಾಲ್ಕು ತಟ್ಟೆ, ತಟ್ಟೆಗೆ ನಾಲ್ಕು ಗುಳಿ, ಲೆಕ್ಕ ಸರಿಯಾಗಿತ್ತು. ಭಾನುವಾರ ಬೆಳಿಗ್ಗೆ ಹಿಟ್ಟು ಕಲೆಸಿಟ್ಟುಕೊಂಡು ತಟ್ಟೆ ಹುಡುಕುತ್ತ ಬಂದ ಅಮ್ಮ ಮಂಡಿಯಲ್ಲಿ ನಿಂತುಬಿಟ್ಟಳು.

"ಇಡ್ಲಿ ಬೆಂದೈತಾ ನೋಡ್ರಿ, ಚಟ್ನಿ ತರ್ತೀನಿ."

"ಇನ್ನೊಂದ್ ವಾರ ಕಣೇ. ಅದೀಗ ಅಲುಗ್ಸಂಗಿಲ್ಲ."

"ಒಂದ್ ವಾರ ಏನು, ಇದರ ಮದುವೆ ಆಗೋಗ್ಲಿ ಬಿಡಿ. ಎಮ್ಮೆಗೆ ಮನೆ ಪಾತ್ರೆ ಎಲ್ಲಾ ಬಳುವಳಿ ಕೊಟ್ಬುಡ್ತೀನಿ."

ಆ ವಾರ ನಾವು ದೋಸೆ ತಿಂದೆವು. ಆಮೇಲೆ ಅಮ್ಮ ಆ ತಟ್ಟೆಗಳಲ್ಲಿ ಮತ್ತೆಂದೂ ಇಡ್ಲಿ ಮಾಡಲಿಲ್ಲ. ಆದರೆ ಎಂಟು ಪಿಸ್ಟನ್ನುಗಳನ್ನು ತೂಗಿಸಲು ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಗೆ ಹೊರಟಾಗ ಒಂದೊಂದನ್ನೂ ತನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಟ್ಟವಳೂ ಅವಳೇ. ಎಂಟೂ ಒಂದೇ ತೂಕ ಇದ್ದರೆ ಮಾತ್ರ ಎಂಜಿನ್ ನಡುಗದೆ ತಿರುಗುತ್ತದೆ ಎಂದು ಪುಸ್ತಕ ಹೇಳುತ್ತಿತ್ತು. ಅಷ್ಟು ಸೂಕ್ಷ್ಮವಾದ ತಕ್ಕಡಿ ಸಿಗುತ್ತಿದ್ದುದು ಬೆಳ್ಳಿ ಬಂಗಾರದ ಅಂಗಡಿಯಲ್ಲಿ. ಅಕ್ಕಸಾಲಿಗರು ಬೆಳ್ಳಿಯ ತಟ್ಟೆ ತೂಗುವ ತಕ್ಕಡಿಯನ್ನು ಮುಂದಕ್ಕೆ ತಳ್ಳುತ್ತ, "ಚಿನ್ನದೂರಿಗೆ ಬಂದು ಅಲ್ಯೂಮಿನಿಯಂ ತೂಗ್ಸೋನು ನೀನೊಬ್ಬನೇ ನಾರಾಯಣಪ್ಪಾ" ಎಂದು ನಕ್ಕಿದ್ದರು. ಅಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂತು, ಹೆಚ್ಚು ತೂಗಿದ ಪಿಸ್ಟನ್ನನ್ನು ಒಳಮೈಯಲ್ಲಿ ಅರದಿಂದ ಉಜ್ಜಿ, ಮತ್ತೆ ತೂಗಿಸಿ, ಮತ್ತೆ ಉಜ್ಜಿ, ಕತ್ತಲಾಗುವ ಮೊದಲು ಎಂಟನ್ನೂ ಸಮ ಮಾಡಿಕೊಂಡು ಎದ್ದರು. ಹೊಗೆ ಹೋಗುವ ಎರಕದ ಕೊಳವೆಗಳ ಒಳಗೆ ತಂತಿಗೆ ಸುತ್ತಿದ ಉಜ್ಜುಕಾಗದ ತೂರಿಸಿ ಅವರು ತಿಂಗಳುಗಟ್ಟಲೆ ಉಜ್ಜಿದರು. ಹೊರಗೆ ಎರಕದ ಒರಟು ಹಾಗೆಯೇ ಇತ್ತು. ಒಳಗೆ ಬೆರಳಿಟ್ಟರೆ ಜಾರುತ್ತಿತ್ತು.

ಪಂದ್ಯ ಆಯುಧಪೂಜೆಯ ನಂತರದ ಭಾನುವಾರಕ್ಕೆ ನಿಗದಿಯಾಗಿತ್ತು. ಹಬ್ಬದ ಹೊತ್ತಿಗೆ ಎಂಜಿನ್ ಪೂರ್ತಿಯಾಗಿ ಕೂತಿತ್ತು. ಹಬ್ಬದ ದಿನ ಬೆಳಿಗ್ಗೆ ಅಪ್ಪ ಕಾರ್ಖಾನೆಯ ಪೂಜೆಗೆ ಹೋದರು. ಅಲ್ಲಿ ಪ್ರತಿಯೊಬ್ಬ ಕಾರ್ಮಿಕನೂ ತನ್ನ ಯಂತ್ರವನ್ನು ಉಜ್ಜಿ ತೊಳೆದು ಕುಂಕುಮ ಹಚ್ಚುತ್ತಾನೆ. ಇಲ್ಲಿ ಮನೆಯಲ್ಲಿ ಅಜ್ಜಿ ಕತ್ತಿ, ಈಳಿಗೆ, ಕುಡುಗೋಲು, ನನ್ನ ಕಂಪಾಸು ಪೆಟ್ಟಿಗೆ ಎಲ್ಲವನ್ನೂ ತೊಳೆದು ಸಾಲಾಗಿಟ್ಟಳು. ಆಮೇಲೆ ಮೂಗು ತೆರೆದು ನಿಂತಿದ್ದ ಎಮ್ಮೆಯ ಒಳಗೆ ಬಗ್ಗಿ ನೋಡಿದಳು. ಎಂಜಿನ್ನಿನ ನೆತ್ತಿಯ ಮೇಲೆ ಕಾರ್ಬುರೇಟರ್ ಕೂತಿತ್ತು. ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಒಳಗೆ ಕಳಿಸುವ ಆ ಭಾಗಕ್ಕೆ ಕಾರ್ಖಾನೆಯಲ್ಲಿ ಹಚ್ಚಿದ್ದ ಒಂದು ಮಂಕು ಹಳದಿ ಬಣ್ಣವಿತ್ತು. ಎಣ್ಣೆ ಹಚ್ಚಿ ವರ್ಷಗಟ್ಟಲೆ ತೊಳೆಯದ ದೀಪದ ಕಂಬದಂತೆ ಅದು ಕಾಣುತ್ತಿತ್ತು.

"ನೋಡೇ ಇತ್ತಾಳೆ ಸಾಮಾನ್ನ ಎಂಗ್ ಕಿಲುಬು ಕಟ್ಸವ್ನೆ ನಿಮ್ಮಪ್ಪ! ಅಬ್ಬದ್ ದಿನ ಇಂಗಿರ್ಬೋದಾ? ಓಗು, ಉಣಸೇಹಣ್ಣು ನೆನೆಯಾಕ್ಕಂಡ್ ಬಾ."

ಅಲ್ಲಿ ನಾನು ಒಂದು ಮಾತು ಹೇಳಬೇಕಾಗಿತ್ತು. ಅದು ಹಿತ್ತಾಳೆಯಲ್ಲ ಎಂದು ನನಗೆ ಗೊತ್ತಿತ್ತು. ಹೊಳಪು ಕೊಡುವಂತಿಲ್ಲವೆಂಬ ನಿಯಮವನ್ನು ನಾನೇ ಓದಿ ಹೇಳಿದ್ದೆ. ಆದರೂ ಹಬ್ಬದ ದಿನ ಅಜ್ಜಿಯ ಮಾತಿಗೆ ಎದುರಾಡಬಾರದೆಂದು ಸುಮ್ಮನಾದೆ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ನಿಜವೆಂದರೆ, ಅದು ಹೊಳೆಯುವುದನ್ನು ನೋಡಲು ನನಗೂ ಆಸೆಯಾಗಿತ್ತು. ಒಂದೂವರೆ ವರ್ಷ ಅಪ್ಪ ಮಾಡಿದ್ದರಲ್ಲಿ ಕಣ್ಣಿಗೆ ಕಾಣುವಂಥದ್ದು ಒಂದೂ ಇರಲಿಲ್ಲ. ನಾನು ಹುಣಸೆಹಣ್ಣು ಕಿವುಚಿಕೊಟ್ಟೆ. ಅಜ್ಜಿ ಅದಕ್ಕೆ ಬೂದಿ ಬೆರೆಸಿ ತೆಂಗಿನ ನಾರಿನಿಂದ ತಿಕ್ಕಿದಳು. ಅಮ್ಮ ಅಡುಗೆಮನೆಯಿಂದ ಬರುವ ಹೊತ್ತಿಗೆ ಹಳದಿ ಪೂರಾ ಹೋಗಿ ಕಾರ್ಬುರೇಟರ್ ಹೊಸ ರೂಪಾಯಿಯಂತೆ ಬೆಳ್ಳಗೆ ಮಿನುಗುತ್ತಿತ್ತು. ಅಜ್ಜಿ ಅದಕ್ಕೆ ಮೂರು ಬೆರಳು ವಿಭೂತಿ ಎಳೆದು ಕುಂಕುಮವಿಟ್ಟಿದ್ದಳು.

ಮಧ್ಯಾಹ್ನ ಅಪ್ಪ ಕಡ್ಲೆಪುರಿಯ ಪೊಟ್ಟಣ ಹಿಡಿದು ಬಂದರು. ಕಾರಿನ ಮುಂದೆ ನಿಂತರು. ಪೊಟ್ಟಣವನ್ನು ಕೆಳಗಿಡುವುದನ್ನೂ ಮರೆತು ನಿಂತೇ ಇದ್ದರು.

"ಎಂಗೈತೆ ನೋಡ್ಲಾ!" ಎಂದಳು ಅಜ್ಜಿ ಸಡಗರದಿಂದ. "ಬಂಗಾರ್ದಂಗೆ ಮಾಡಿವ್ನಿ."

"ಚೆನ್ನಾಗೈತೆ ಕಣವ್ವ," ಎಂದರು ಅಪ್ಪ. ಅಷ್ಟೇ ಅಂದದ್ದು. ಅಜ್ಜಿಗೆ ಅವರು ಕೊನೆಯವರೆಗೂ ನಿಜ ಹೇಳಲಿಲ್ಲ. ಆದರೆ ಊಟಕ್ಕೆ ಕೂತಾಗ ನನ್ನ ಕಡೆ ನೋಡದೆಯೇ ಕೇಳಿದರು.

"ನೀನ್ ಅಲ್ಲೇ ಇದ್ದ್ಯಾ?"

"ಇದ್ದೆ ಅಪ್ಪ."

"ರೂಲು ಓದಿದ್ದು ನೀನೇ ಅಲ್ವಾ?"

ನಾನು ಒಬ್ಬಟ್ಟನ್ನು ಎಲೆಯ ಅಂಚಿಗೆ ಸರಿಸಿದೆ. ಅಮ್ಮ ಅಪ್ಪನ ಎಲೆಗೆ ತುಪ್ಪ ಹಾಕುತ್ತ, "ಬಿಡಿ, ಮಗು ಅದು" ಎಂದಳು. ಅಪ್ಪ ಮುಂದೆ ಏನನ್ನೂ ಕೇಳಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಭಾನುವಾರಕ್ಕೆ ಮೂರೇ ದಿನ ಉಳಿದಿತ್ತು. ಕಾರ್ಖಾನೆಯೊಳಗೆ ಲೋಹಕ್ಕೆ ಬಣ್ಣ ಕೊಡುವ ವಿಭಾಗವಿತ್ತು, ಆದರೆ ಸ್ವಂತ ಕೆಲಸದ ಸಾಮಾನನ್ನು ಗೇಟಿನೊಳಗೆ ಒಯ್ಯುವವರಲ್ಲ ಅಪ್ಪ. ಅವರು ಎರಡು ದಿನ ರಜೆ ಹಾಕಿದರು. ರಾಬರ್ಟ್‌ಸನ್‌ಪೇಟೆಯಲ್ಲಿ ಪಾತ್ರೆಗಳಿಗೆ ಲೋಹದ ಲೇಪ ಕೊಡುವ ಪರಿಚಯದವರೊಬ್ಬರಿಂದ ಕಿತ್ತಳೆ ಬಣ್ಣದ ಒಂದು ಉಪ್ಪನ್ನು ತಂದರು. ಅದನ್ನು ನೀರಿನಲ್ಲಿ ಕರಗಿಸಿ, ಲೋಹದ ತುಂಡನ್ನು ಅದ್ದಿ ತೆಗೆದರೆ ಹಳದಿ ಹತ್ತುತ್ತದೆ. ಎಷ್ಟು ಹೊತ್ತು ಅದ್ದಬೇಕೆಂಬುದೇ ಕಷ್ಟ. ಅದೃಷ್ಟವಶಾತ್ ಕಾರ್ಬುರೇಟರಿನ ಒಂದು ಸನ್ನೆಕೋಲಿನ ಅಡಿಯಲ್ಲಿ, ಅಜ್ಜಿಯ ನಾರು ತಲುಪದಿದ್ದ ಕಡೆ, ಹೆಬ್ಬೆರಳ ಉಗುರಿನಷ್ಟು ಹಳೆಯ ಬಣ್ಣ ಉಳಿದಿತ್ತು. ಅದೇ ನಮಗೆ ಅಳತೆ. ಅಪ್ಪ ಹಳೆಯ ವಾಷರುಗಳನ್ನು ಒಂದೊಂದಾಗಿ ದಾರಕ್ಕೆ ಕಟ್ಟಿ ಅದ್ದುತ್ತಿದ್ದರು, ನಾನು ಗಟ್ಟಿಯಾಗಿ ಎಣಿಸುತ್ತಿದ್ದೆ. ಆಮೇಲೆ ಬಾಗಿಲ ಬಳಿ ಬಿಸಿಲಿಗೆ ಹಿಡಿದು ಆ ಉಗುರಗಲದ ಬಣ್ಣದ ಪಕ್ಕದಲ್ಲಿಟ್ಟು ನೋಡುವುದು. ಹತ್ತು ಎಣಿಸಿದರೆ ಪೇಲವ. ಇಪ್ಪತ್ತೈದಕ್ಕೆ ಮದುವೆಯ ಮನೆಯ ಬಳೆಯಂತೆ ಕಣ್ಣು ಕುಕ್ಕುವಷ್ಟು ಹೊನ್ನು. ಹದಿನಾರಕ್ಕೆ ಬಣ್ಣ ಹತ್ತಿರ ಬಂತು, ಆದರೆ ಹೊಸತಾಗಿ ಕಾಣುತ್ತಿತ್ತು. ಅದನ್ನು ಬಿಸಿನೀರಿನಲ್ಲಿ ಜಾಲಾಡಿ, ಒಣಗಿಸಿ, ಒರಟು ಬಟ್ಟೆಯಿಂದ ಸವರಿದಾಗ ಕೊನೆಗೆ ಆ ಮಂಕು ಬಂತು.

"ಸರಿಯೈತಾ ನೋಡು. ನಿನ್ ಕಣ್ಣು ಚಿಕ್ಕೋರ್ ಕಣ್ಣು," ಎಂದು ಅಪ್ಪ ಪ್ರತಿ ಸಲವೂ ನನಗೇ ತೋರಿಸುತ್ತಿದ್ದರು.

ನಾನು ಸುಮಾರು ಮೂವತ್ತು ವಾಷರುಗಳನ್ನು ತಿರಸ್ಕರಿಸಿದೆ. ಶನಿವಾರ ಮಧ್ಯಾಹ್ನ ಕಾರ್ಬುರೇಟರನ್ನೇ ಅದ್ದಿ ತೆಗೆದು ಬಿಸಿಲಿಗೆ ಹಿಡಿದಾಗ ಹಳೆಯ ಬಣ್ಣ ಎಲ್ಲಿ ಮುಗಿಯಿತು, ಅಪ್ಪನದು ಎಲ್ಲಿ ಆರಂಭವಾಯಿತು ಎಂದು ಹುಡುಕಿದೆ. ಸಿಗಲಿಲ್ಲ.

ಟೊಮೇಟೊ ಸಾಗಿಸುವ ಲಾರಿಯೊಂದರಲ್ಲಿ ಎಮ್ಮೆಯನ್ನು ಹತ್ತಿಸಿಕೊಂಡು ಭಾನುವಾರ ಬೆಳಿಗ್ಗೆ ನಾವು ಹೊರಟೆವು. ಅಜ್ಜಿಯನ್ನು ಬಿಟ್ಟು ಎಲ್ಲರೂ ಹೋದೆವು. ಅಲ್ಲಿ ಮಿರಮಿರನೆ ಮಿನುಗುವ ಕಾರುಗಳು, ಬಿಳಿಯ ಬೂಟು ತೊಟ್ಟ ಹುಡುಗರು, ಎಲ್ಲೆಲ್ಲೂ ಇಂಗ್ಲಿಷ್. ಅಮ್ಮ ತನ್ನ ಸೆರಗನ್ನು ಹೊದ್ದು ಲಾರಿಯ ನೆರಳಿನಲ್ಲೇ ನಿಂತಳು. ತಪಾಸಣೆ ಮಾಡುವವರು ಟೋಪಿ ಹಾಕಿದ್ದ, ವಯಸ್ಸಾದ ಒಬ್ಬ ಹಿರಿಯರು. ಕೈಯಲ್ಲಿ ಪುಟ್ಟ ಟಾರ್ಚು, ಕೊರಳಲ್ಲಿ ಭೂತಗನ್ನಡಿ. ಅವರು ಟೈರು, ಗಾಜು, ಬಾಗಿಲ ತಿರುಗಣಿ ಎಲ್ಲವನ್ನೂ ನೋಡಿ ಕೊನೆಗೆ ಎಂಜಿನ್ನಿನ ಮೇಲೆ ಬಾಗಿದರು. ಕಾರ್ಬುರೇಟರಿನ ಮೇಲೆ ಟಾರ್ಚು ನಿಂತಿತು. ಭೂತಗನ್ನಡಿ ಕೆಳಗಿಳಿಯಿತು. ಬಹಳ ಹೊತ್ತಾಯಿತು. ಆಮೇಲೆ ಅವರು ತಲೆಯೆತ್ತಿ, ಈ ಬಣ್ಣವನ್ನು ಮತ್ತೆ ಹಾಕಿದ್ದೇ, ಹಾಕಿದ್ದರೆ ಯಾರು ಹಾಕಿದ್ದು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಒಂದು ಪದವೂ ಬಿಡದೆ ನನಗೆ ಅರ್ಥವಾಯಿತು. ಆದರೆ ಮತ್ತೆ ಬಣ್ಣ ಹಾಕುವುದಕ್ಕೆ ಒಪ್ಪಿಗೆ ಇದೆಯೋ ಇಲ್ಲವೋ ಎಂದು ಆ ಹಾಳೆಯಲ್ಲಿ ಎಲ್ಲೂ ಬರೆದಿರಲಿಲ್ಲ. ಸಾಲೊಮನ್ ಮಾಮನ ಬೆರಳುಗಳು ನನ್ನ ಭುಜವನ್ನು ಒತ್ತಿದವು. 

"ಏನಂತೆ ಪಾಪ?" ಎಂದರು ಅಪ್ಪ.

ನಾನು ಅಪ್ಪನಿಗೆ ಉತ್ತರಿಸಲಿಲ್ಲ. ಆ ಹಿರಿಯರ ಕಡೆ ತಿರುಗಿ, ಇಲ್ಲ ಸರ್, ಯಾರೂ ಹಾಕಿಲ್ಲ, ಇದು ಕಂಪನಿಯದೇ ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ.

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಅಪ್ಪನನ್ನು ನೋಡಿದರು. ಆಮೇಲೆ ಅಪ್ಪನ ಕಡೆ ಕೈ ಚಾಚಿದರು. ಅಪ್ಪ ತಮ್ಮ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕೊಟ್ಟರು. ಅವರು ಅದನ್ನು ಸಾಮಾನ್ಯವಾಗಿ ಹಿಡಿಯುವುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡು, ನನಗೆ ತಿಳಿಯಲೆಂದು ನಿಧಾನವಾಗಿ ಹೇಳಿದರು: ಇದು ಕಂಪನಿಯದೇ ಆಗಿದ್ದರೆ ಒಳ್ಳೆಯದು, ಆದರೆ ಇದನ್ನು ಒಬ್ಬ ಮನುಷ್ಯ ಮಾಡಿದ್ದಾದರೆ, ಇದಕ್ಕಿಂತ ಒಳ್ಳೆಯ ಕೈಯನ್ನು ನಾನು ನನ್ನ ಜೀವಮಾನದಲ್ಲಿ ಹಿಡಿದಿಲ್ಲ, ಇದನ್ನು ನಿನ್ನ ತಂದೆಗೆ ಹೇಳು.

ಅದು ಬಲೆ ಎಂದು ನನಗೆ ಅನ್ನಿಸಿತು. ನಾನು ಹೇಳಿ, ಅಪ್ಪನ ಮುಖ ಅರಳಿದರೆ, ನನ್ನ ಸುಳ್ಳು ಸಿಕ್ಕಿಬೀಳುತ್ತದೆ. ಕಾರು ಅಲ್ಲಿಂದಲೇ ಗುಜರಿಗೆ ಹೋಗುತ್ತದೆ.

"ಎಲ್ಲಾ ಸರಿ ಐತಂತೆ ಅಪ್ಪ," ಎಂದೆ.

"ಅಷ್ಟೇನಾ? ಅಷ್ಟುದ್ದ ಅಂದ್ರಲ್ಲ?"

"ಅಷ್ಟೇ."

ಆ ಹಿರಿಯರು ಹಾಳೆಗೆ ರುಜು ಹಾಕಿದರು.

ಸಾಲೊಮನ್ ಮಾಮ ಸ್ಟೀರಿಂಗ್ ಚಕ್ರ ಹಿಡಿದರು. ಅವರ ಪಕ್ಕದ ಸಾಲಿನಲ್ಲಿ ಕೆಂಪು ಬಣ್ಣದ, ಬಹಳ ಸೊಗಸಾದ ಕಾರೊಂದು ನಿಂತಿತ್ತು. ದೀಪ ಹಸಿರಾದಾಗ ಎಮ್ಮೆಯ ಹಿಂಭಾಗ ಒಮ್ಮೆ ನೆಲಕ್ಕೆ ಕುಸಿಯಿತು, ಉದ್ದನೆಯ ಮೂಗು ಮೇಲೆದ್ದಿತು, ಆಮೇಲೆ ಅದು ಅಲ್ಲಿರಲಿಲ್ಲ. ನನ್ನ ಪಕ್ಕೆಲುಬುಗಳ ಒಳಗೆ ಆ ಸದ್ದು ಹೊಕ್ಕಿತು. ಅಮ್ಮ ಕಿವಿ ಮುಚ್ಚಿಕೊಂಡು, "ಓಗ್ತಾ ಐತೆ, ಓಗ್ತಾ ಐತೆ" ಎಂದು ಕೂಗುತ್ತಿದ್ದಳು. ಕೆಂಪು ಕಾರು ಹಿಂದೆ ಬಿತ್ತು. ಮುಂದಿನ ಸುತ್ತಿನಲ್ಲಿ ಎಮ್ಮೆ ಇನ್ನೊಂದು ಕಾರಿಗೆ ಸೋತಿತು. ಅದು ಯಾರಿಗೂ ದುಃಖವೆನಿಸಲಿಲ್ಲ. ನಾವು ಓಡಿ ಹೋಗಿ ನೋಡಿದರೆ ಸಾಲೊಮನ್ ಮಾಮ ಚಕ್ರಕ್ಕೆ ಹಣೆಯಿಟ್ಟು ನಗುತ್ತಿದ್ದರು.  ಗುಜರಿಯವನಿಗೆ ಆ ಕಾರು ಸಿಗಲಿಲ್ಲ. ಅವರು ಬದುಕಿರುವವರೆಗೂ ಭಾನುವಾರಗಳಂದು ನಮ್ಮ ಮಂಡಿಗೆ ಬಂದು ಅದರಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಈಗ ಅದು ಅವರ ತಂಗಿಯ ಮಗನ ಬಳಿ ಇದೆ, ಓಡುತ್ತಿದೆ.

ನಾನು ಪದವಿ ಮುಗಿಸಿ, ಇಂಗ್ಲಿಷಿನ ಕಾಗದಪತ್ರಗಳನ್ನು ಕನ್ನಡಕ್ಕೆ ತರುವ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಒಂದು ಪದವನ್ನೂ ಬಿಡುವುದಿಲ್ಲ, ಒಂದನ್ನೂ ಸೇರಿಸುವುದಿಲ್ಲ ಎಂದು ನನ್ನ ಬಗ್ಗೆ ಹೇಳುತ್ತಾರೆ. ಹಾಗೆ ಹೇಳಿದಾಗಲೆಲ್ಲ ನಾನು ತಲುಪಿಸದೆ ಇಟ್ಟುಕೊಂಡ ಒಂದು ವಾಕ್ಯ ನನಗೆ ನೆನಪಾಗುತ್ತಿತ್ತು. ಅದನ್ನು ಅಪ್ಪನಿಗೆ ಹೇಳಬೇಕೆಂದರೆ ನನ್ನ ಸುಳ್ಳನ್ನೂ ಹೇಳಬೇಕಿತ್ತು. ವರ್ಷಗಳು ಹೋದಷ್ಟೂ ಅದು ಕಷ್ಟವಾಗುತ್ತಾ ಹೋಯಿತು.

ಈ ಬರಹದ ಕರಡನ್ನು ಕಳೆದ ವಾರ ಅಪ್ಪನಿಗೆ ಓದಿ ಹೇಳಿದೆ, ಎಂಜಿನ್ನಿನ ವಿಚಾರದಲ್ಲಿ ತಪ್ಪು ಬರೆದಿದ್ದರೆ ತಿದ್ದಲಿ ಎಂದು. ಅವರು ಅಮ್ಮನ ಜೊತೆ ಅವರೆಕಾಯಿ ಸುಲಿಯುತ್ತ ಕೇಳುತ್ತಿದ್ದರು. ಹದಿನಾರಲ್ಲ, ಹದಿನೇಳು ಎಣಿಸಿದ್ದು ಎಂದರು. ನಾನು ಒಪ್ಪಲಿಲ್ಲ. ತಪಾಸಣೆಯ ಪುಟಕ್ಕೆ ಬಂದಾಗ ನಾನು ಹಾಳೆಗಳನ್ನು ಮಡಿಚಿದೆ.

"ಯಾಕ್ ನಿಲ್ಸ್ದೆ? ಓದು."

ಓದಿದೆ. ನಾನು ಹೇಳಿದ ಸುಳ್ಳನ್ನು ಓದಿದೆ, ಆ ಹಿರಿಯರು ಹೇಳಿದ್ದನ್ನು ಓದಿದೆ. ಅಮ್ಮನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. ಅಪ್ಪ ಮಾತ್ರ ಇನ್ನೊಂದು ಕಾಯಿ ಸುಲಿದರು.

"ಅವ್ರಿಗೆ ಗೊತ್ತಾಗೋಗಿತ್ತು ಪಾಪ. ಆ ಉಪ್ಪು ಮುಟ್ಟಿದ್ರೆ ತಿಂಗ್ಳುಗಟ್ಲೆ ಉಗುರೆಲ್ಲಾ ಅಳದಿ. ಕೈ ಕೊಟ್ನಲ್ಲ, ಉಗುರು ನೋಡಿದ್ರು. ನೋಡಿ ನಕ್ರು. ನೀನು ನೋಡ್ಲಿಲ್ಲ, ನೀನು ನೆಲ ನೋಡ್ತಿದ್ದೆ."

"ಅಂದ್ರೆ ನಿಂಗೆ ಅವತ್ತೇ ಗೊತ್ತಿತ್ತಾ?"

"ನೀನು ಏನೋ ಮುಚ್ಚಿಟ್ಟೆ ಅಂತ ಗೊತ್ತಿತ್ತು. ಅವ್ರು ಏನಂದ್ರು ಅಂತ ಗೊತ್ತಿರ್ಲಿಲ್ಲ."

"ಕೇಳ್ಬೋದಾಗಿತ್ತಲ್ಲ ಅಪ್ಪ."

"ಬಂದ್ಮೇಲೆ ನೀನು ಎರಡ್ ದಿನ ಸರ್ಯಾಗ್ ಉಣ್ಲಿಲ್ಲ. ಇನ್ನೂ ಯಾಕ್ ನೋಯಿಸ್ಬೇಕು ಅಂತ ಬುಟ್ಟೆ. ಯಾವತ್ತಾದ್ರೂ ನೀನೇ ಯೋಳ್ತೀಯ ಅಂದ್ಕಂಡೆ."

ಅವರು ಮೊರವನ್ನು ಪಕ್ಕಕ್ಕೆ ಸರಿಸಿದರು. ಕೈಗಳನ್ನು ಪಂಚೆಗೆ ಒರೆಸಿಕೊಂಡು, ಚೆನ್ನಾಗಿ ಕೇಳಿಸುವ ಬಲಗಿವಿಯನ್ನು ನನ್ನ ಕಡೆ ತಿರುಗಿಸಿ ಕೂತರು.

"ಆ ಸಾಹೇಬ್ರು ಅಂದಿದ್ದು, ಅದೊಂದನ್ನ ಇನ್ನೊಂದ್ ಕಿತ ಓದು."

ನಾನು ಓದಿದೆ.